ಕಪ್ಪು ಗಾಜು ಯಾವ ತುದಿಗೆ?

'ಗೊತ್ತಿಲ್ಲ' ಎಂದು ಹೇಳುವುದಕ್ಕೆ ನನ್ನ ನಾಲಗೆ ಪಳಗಿಲ್ಲ. ಇದು ನನ್ನೊಬ್ಬನ ರೋಗವೋ, ಬಿ.ಎಸ್ಸಿ. ಪಾಸು ಮಾಡಿದವರಿಗೆಲ್ಲ ಅಂಟುವ ರೋಗವೋ ತಿಳಿಯದು. ದಾರಿಯಲ್ಲಿ ಹೋಗುವವರು ಯಾರಾದರೂ "ಸ್ವಾಮಿ, ಒಂಟಿಕೊಪ್ಪಲಿಗೆ ಹೀಗೆ ಹೋಗಬಹುದಾ?" ಎಂದು ಕೇಳಿದರೆ, ನನಗೆ ಗೊತ್ತಿರಲಿ ಬಿಡಲಿ, ಕೈ ತಾನಾಗಿ ಎದ್ದು ಯಾವುದಾದರೊಂದು ದಿಕ್ಕನ್ನು ತೋರಿಸಿಬಿಡುತ್ತದೆ. ಆ ಮನುಷ್ಯ ಕೈಮುಗಿದು ತಿರುವು ದಾಟಿದ ಮೇಲೆ ನನಗೆ ಅನುಮಾನ ಶುರುವಾಗುತ್ತದೆ. ಇಷ್ಟು ವರ್ಷ ಇದರಿಂದ ಆದ ನಷ್ಟವೆಂದರೆ ಪರರ ಕಾಲುನೋವು ಮಾತ್ರ. ಮೂರು ತಿಂಗಳ ಹಿಂದೆ ಅದು ಒಬ್ಬರ ಕಣ್ಣಿನವರೆಗೂ ಬಂತು. ಅವರಿಗೆ ಇದ್ದದ್ದೇ ಒಂದು ಕಣ್ಣು. ಆ ಬೆಳಗಿನ ಸಂಗತಿಯನ್ನು ಅಂದಿನಿಂದ ದಿನಕ್ಕೆ ಹತ್ತು ಬಾರಿ ಮನಸ್ಸಿನಲ್ಲಿ ಹಿಂದಕ್ಕೆ ಮುಂದಕ್ಕೆ ಓಡಿಸಿ ನೋಡುತ್ತಿದ್ದೇನೆ. ಸ್ಪಷ್ಟವಾಗುವುದಕ್ಕೆ ಬದಲು ಇನ್ನಷ್ಟು ಗೊಂದಲವಾಗುತ್ತಿದೆ. ಆಫೀಸಿನಲ್ಲಿ ಮೊನ್ನೆ ಒಂದು ಅರ್ಜಿಯ ಮೇಲೆ 'ಪರಿಶೀಲಿಸಲಾಗಿದೆ' ಎಂದು ಬರೆಯುವ ಬದಲು 'ಬಿಸಿಯಾಗಿದೆ' ಎಂದು ಬರೆದು ಸಾಹೇಬರ ಬಳಿಗೆ ಕಳಿಸಿಬಿಟ್ಟೆ.

ನಾವು ಇರುವುದು ಚಾಮರಾಜಪುರಂನಲ್ಲಿ, ನಿವೃತ್ತ ಅಮಲ್ದಾರ್ ನರಸಿಂಹಯ್ಯನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ. ಅಮಲ್ದಾರರ ಎಡಗಣ್ಣಿಗೆ ಪೊರೆ ಬಂದು, ಶಸ್ತ್ರಚಿಕಿತ್ಸೆಯೂ ಕೈಕೊಟ್ಟು, ಈಗ ಅದು ಹಾಲಿನ ಬಣ್ಣಕ್ಕೆ ತಿರುಗಿದೆ. ಬಲಗಣ್ಣು ಮಾತ್ರ ಗಟ್ಟಿ. ಅದೊಂದರಲ್ಲೇ ಪತ್ರಿಕೆಯನ್ನು ಮೊದಲ ಸಾಲಿನಿಂದ ಮುದ್ರಕರ ಹೆಸರಿನವರೆಗೂ ಓದುತ್ತಾರೆ. ಅವರ ಇನ್ನೊಂದು ವಿಶೇಷವೆಂದರೆ ಮರ್ಯಾದೆ. ಮೈಸೂರಿನಲ್ಲಿ ಮರ್ಯಾದೆಗೆ ಬರವಿಲ್ಲ, ನಿಜ. ಆದರೆ ಇವರದು ಸ್ವಲ್ಪ ಹೆಚ್ಚಿನ ದರ್ಜೆಯದು. ನಾನು ಅವರ ಬಾಡಿಗೆದಾರ, ವಯಸ್ಸಿನಲ್ಲಿ ಮಗನ ಸಮಾನ. ಆದರೂ ಗೇಟಿನ ಬಳಿ ಎದುರಾದರೆ "ತಾವು ಮೊದಲು ದಯಮಾಡಿಸಬೇಕು" ಎಂದು ನಿಂತುಬಿಡುತ್ತಾರೆ. ಅಂಥವರ ಮುಂದೆ ಮೊದಲು ಹೆಜ್ಜೆ ಹಾಕುವುದುಂಟೆ? "ಛೆ, ಛೆ, ತಾವು ಮೊದಲು" ಎಂದು ನಾನೂ ನಿಲ್ಲುತ್ತೇನೆ. ಒಮ್ಮೆ ಹೀಗೆ ಇಬ್ಬರೂ ಎದುರುಬದುರು ಕೈಚಾಚಿ ನಿಂತಿದ್ದಾಗ ಬೀದಿಯ ಎಮ್ಮೆಯೊಂದು ನಮ್ಮ ನಡುವೆ ನೆಟ್ಟಗೆ ಒಳಕ್ಕೆ ಹೋಗಿ ಅವರ ದಾಸವಾಳವನ್ನು ಮೇದಿತ್ತು. ಆಗಲೂ ಎಮ್ಮೆಯನ್ನು ಯಾರು ಮೊದಲು ಓಡಿಸಬೇಕು ಎಂಬ ವಿಷಯದಲ್ಲಿ ಕೊಂಚ ಕಾಲ ಕಳೆಯಿತು.

ಈ ಅಮಲ್ದಾರರಿಗೆ ಮಂಡಿ ಮೊಹಲ್ಲಾದ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಹಿತ್ತಾಳೆಯ ದುರ್ಬೀನು ಸಿಕ್ಕಿತು. ತೋಳಿನಷ್ಟು ಉದ್ದ, ಮುಂದಿನ ಬಾಯಿ ಕಾಫಿ ಲೋಟದಷ್ಟು ಅಗಲ, ಕಣ್ಣಿಡುವ ತುದಿ ಬೆರಳಿನಷ್ಟು ಸಣ್ಣದು. ಮೂರು ಕಾಲಿನ ಮೇಲೆ ನಿಲ್ಲುತ್ತಿತ್ತು. ಅದನ್ನು ಇಟ್ಟಿದ್ದ ಪೆಟ್ಟಿಗೆಯ ಮೂಲೆಯಲ್ಲಿ, ಮಖಮಲ್ಲಿನ ಗುಳಿಯೊಳಗೆ, ಕಾಲಾಣೆಯಗಲದ ಒಂದು ಹಿತ್ತಾಳೆ ಬಳೆ. ಅದರೊಳಗೆ ಕಪ್ಪು ಗಾಜು. ಸೂರ್ಯನನ್ನು ನೋಡುವುದಕ್ಕೆ ಇರುವ ಫಿಲ್ಟರು. ಅದೇ ಸಮಯಕ್ಕೆ ಪಂಚಾಂಗದಲ್ಲಿ ಒಂದು ಸೂರ್ಯಗ್ರಹಣ ಕಾಣಿಸಿಕೊಂಡಿತು, ಅದೂ ಬೆಳಗಿನ ಹೊತ್ತು. ಅಮಲ್ದಾರರು ನನ್ನನ್ನು ಕರೆಸಿ ಕುರ್ಚಿ ತೋರಿಸಿದರು.

"ಮೂರ್ತಿಗಳೇ, ಒಂದು ಆಸೆ. ಈ ಕಣ್ಣಿಗೂ ಪೊರೆ ಶುರುವಾಗಿದೆ ಅಂತ ಡಾಕ್ಟರು ಹೇಳ್ತಿದಾರೆ. ಇದು ಇರೋವಾಗಲೇ ಒಂದು ಗ್ರಹಣ ನೋಡಿ, ಫೋಟೋ ತೆಗೆಸಿ ಗೋಡೆಗೆ ಹಾಕಬೇಕು. ಆಮೇಲೆ ಕಾಣಿಸದೆ ಹೋದರೂ ಅಲ್ಲಿ ಇದೆ ಅಂತ ಗೊತ್ತಿರುತ್ತಲ್ಲ. ತಾವು ಸೈನ್ಸ್ ಓದಿದವರು. ದುರ್ಬೀನಿಗೆ ಕ್ಯಾಮೆರಾ ಜೋಡಿಸೋದು ಹೇಗೆ, ಈ ಗಾಜು ಹಾಕೋದು ಎಲ್ಲಿಗೆ, ಎಲ್ಲಾ ತಮ್ಮ ಜವಾಬ್ದಾರಿ."

ಇಲ್ಲಿ ನಾನು ಗೊತ್ತಿಲ್ಲ ಎನ್ನಬೇಕಾಗಿತ್ತು. ಕಾಲೇಜಿನಲ್ಲಿ ನಾನು ದುರ್ಬೀನಿನ ಚಿತ್ರ ಬಿಡಿಸಿದ್ದೆನೇ ಹೊರತು ಅದನ್ನು ಮುಟ್ಟಿರಲಿಲ್ಲ. ಎರಡು ಮಸೂರ ಬರೆದು, ಎಡದಿಂದ ಬಲಕ್ಕೆ ಬಾಣದ ಗುರುತು ಹಾಕಿ, ಕಿರಣಗಳು ಒಂದು ಬಿಂದುವಿನಲ್ಲಿ ಕೂಡುತ್ತವೆ ಎಂದು ಬರೆದರೆ ಹತ್ತಕ್ಕೆ ಎಂಟು ಅಂಕ. ನಮ್ಮ ಪುಸ್ತಕದ ಕಿರಣಗಳು ಎಂದೂ ಬಿಸಿಯಾಗಿರಲಿಲ್ಲ. "ಅದಕ್ಕೇನು ಸಾರ್, ನೋಡೋಣ" ಎಂದು ಹೇಳಿ ಕಾಫಿ ಕುಡಿದು ಬಂದೆ.

ಫೋಟೋ ತೆಗೆಯುವುದಕ್ಕೆ ಬಂದವನು ನಿಂಗೇಗೌಡ. ಅವನ ತಂದೆ ಇಂದಿಗೂ ಊರಲ್ಲಿ ಕಬ್ಬು ಬೆಳೆಯುತ್ತಾರೆ. ಇವನು ಮಾತ್ರ ನಗರ ಸೇರಿ, ಮಂಡಿ ಮೊಹಲ್ಲಾದ ಮಹಡಿಯೊಂದರಲ್ಲಿ ಸ್ಟುಡಿಯೋ ಇಟ್ಟು, ಮದುವೆ ಗಂಡುಗಳನ್ನು ಬಣ್ಣದ ಪರದೆಯ ಮುಂದೆ ನಿಲ್ಲಿಸುವ ಕಸುಬು ಹಿಡಿದಿದ್ದ. ಅವನ ಕ್ಯಾಮೆರಾ ಮರದ್ದು. ಮುಂದೆ ಮಸೂರ, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ, ಹಿಂದೆ ಬಿಂಬ ಮೂಡುವ ಮಸುಕು ಗಾಜು, ಮೇಲೆ ಕಪ್ಪು ಬಟ್ಟೆ. ತಗಡು ಕೆಲಸದವನ ಹತ್ತಿರ ಅವನೇ ಒಂದು ಕೊಳವೆ ಮಾಡಿಸಿಕೊಂಡು ಬಂದಿದ್ದ. ಅದರ ಒಂದು ಬಾಯಿ ದುರ್ಬೀನಿನ ಕಣ್ಣಿಡುವ ತುದಿಗೆ, ಇನ್ನೊಂದು ಕ್ಯಾಮೆರಾಕ್ಕೆ. ಅಲ್ಲಿಗೆ ಜೋಡಣೆ ಮುಗಿಯಿತು ಎಂದು ನಾವು ಸಂತೋಷಪಡುವಷ್ಟರಲ್ಲಿ ತೊಡಕು ಕಂಡಿತು. ಕಪ್ಪು ಗಾಜಿನ ಬಳೆಗೆ ತಿರುಪು ಇದ್ದದ್ದೂ ಅದೇ ಕಣ್ಣಿಡುವ ತುದಿಯಲ್ಲಿ. ಗಾಜು ಹಾಕಿದರೆ ಕೊಳವೆ ಕೂರುವುದಿಲ್ಲ, ಕೊಳವೆ ಹಾಕಿದರೆ ಗಾಜಿಗೆ ತಿರುಪು ಸಿಗುವುದಿಲ್ಲ.

"ಸಾ, ಆ ಗಾಜು ಬುಡಿ," ಎಂದ ನಿಂಗೇಗೌಡ. "ನಮ್ ಸ್ಟುಡಿಯೋದಾಗೆ ಬಿಸಿಲು ಬಿದ್ದು ಕಪ್ಪಾಗೋಗಿರೋ ಫೋಟೋ ಗಾಜಿನ ಪ್ಲೇಟು ಬೇಕಾದಷ್ಟವೆ. ಎರಡು ಮೂರು ಸೇರ್ಸಿ ಮುಂದ್ಗಡೆ ದೊಡ್ ಬಾಯಿಗೇ ಕಟ್ಬುಡವ."

"ಮುಂದಕ್ಕಾ?" ಎಂದೆ ನಾನು, ಪರೀಕ್ಷಕನ ಧ್ವನಿಯಲ್ಲಿ.

"ಊ ಸಾ. ಬಿಸಿಲಿಗೆ ಕೊಡೆನ ತಲೆ ಮ್ಯಾಗೆ ಇಡ್ಕೊಂತೀವಾ, ಕಾಲ್ ಕೆಳಗೆ ಇಡ್ಕೊಂತೀವಾ?"

ಉತ್ತರವಿಲ್ಲದಾಗ ಓದಿದವನು ಮಾಡುವ ಕೆಲಸವನ್ನೇ ಮಾಡಿದೆ. ಕನ್ನಡಕ ತೆಗೆದು ಒರೆಸಿಕೊಂಡೆ. ಆಮೇಲೆ, ದುರ್ಬೀನು ಮಾಡಿದ ಇಂಗ್ಲೆಂಡಿನವನು ತಿರುಪು ಕೊರೆದಿರುವುದೇ ಈ ತುದಿಯಲ್ಲಿ, ಅವನಿಗಿಂತ ನಾವು ಬುದ್ಧಿವಂತರೇ ಎಂದು ಕೇಳಿದೆ. ಸ್ಟುಡಿಯೋದ ಕೆಟ್ಟ ಪ್ಲೇಟುಗಳನ್ನು ಅಂಥ ಮಸೂರದ ಮುಂದೆ ಕಟ್ಟಿದರೆ ಬಿಂಬ ಕೆಡುತ್ತದೆ ಎಂದೆ. ವಕ್ರೀಭವನ ಎಂಬ ಶಬ್ದವನ್ನೂ ಒಂದೆರಡು ಸಲ ಉಪಯೋಗಿಸಿದೆ. ಮೊದಲು ಕಪ್ಪು ಗಾಜು ಹಾಕಿ ಕಣ್ಣಿನಿಂದ ನೋಡಿ ಸೂರ್ಯನನ್ನು ಸರಿಯಾಗಿ ಹಿಡಿಯುವುದು, ಆಮೇಲೆ ಗಾಜನ್ನು ಬಿಚ್ಚಿ ಕೊಳವೆಯ ಒಳಗೆ ಕೂರಿಸಿ ಕ್ಯಾಮೆರಾ ಜೋಡಿಸುವುದು, ಇದು ನನ್ನ ತೀರ್ಪು. ಗೌಡ ತನ್ನ ಚರ್ಮದ ಚೀಲದಿಂದ ಮೋಡದ ಫೋಟೋಕ್ಕೆ ಬಳಸುವ ಹಳದಿ ಫಿಲ್ಟರನ್ನು ತೆಗೆದು ನೋಡಿ, ಏನೋ ಹೇಳಹೊರಟು, ಮತ್ತೆ ಒಳಗಿಟ್ಟುಕೊಂಡ. "ಓದ್ದೋರು ಏಳ್ತೀರಿ. ಅಂಗೇ ಆಗ್ಲಿ" ಎಂದ. ಅವನ ಧ್ವನಿಯಲ್ಲಿ ಒಪ್ಪಿಗೆ ಇರಲಿಲ್ಲ. ಆದರೆ ನನ್ನ ಕಿವಿಗೆ ಆಗ ಒಪ್ಪಿಗೆಯಂತೆಯೇ ಕೇಳಿಸಿತು.

ಮನೆಯಲ್ಲಿ ನನ್ನ ಹೆಂಡತಿ ಸರೋಜಳೂ ಬಿಡಲಿಲ್ಲ. ನಮ್ಮ ಮನೆಯಲ್ಲಿ ಫಿಲ್ಟರು ಎಂದರೆ ಒಂದೇ, ಕಾಫಿಯದು. ಎರಡು ದಿನದಿಂದ ಗಂಡ ಫಿಲ್ಟರು ಎಲ್ಲಿ ಹಾಕಬೇಕು ಎಂದು ಗೊಣಗಿಕೊಳ್ಳುತ್ತಿರುವುದನ್ನು ನೋಡಿ, ಡಿಕಾಕ್ಷನ್ ಇಳಿಸುತ್ತಾ ಕೇಳಿದಳು:

"ಅಲ್ಲಾ, ಪುಡಿ ಹಾಕೋದು ಮೇಲಿನ ಡಬ್ಬಿಗೆ ತಾನೇ? ಕುದಿಯೋ ನೀರು ಅಲ್ಲೇ ತಡೆದು ನಿಧಾನಕ್ಕೆ ಕೆಳಗಿಳಿಯುತ್ತೆ. ನಿಮ್ಮ ಲೆಕ್ಕದಲ್ಲಿ ಬಾಯಿಗೆ ಲೋಟ ಇಟ್ಟುಕೊಂಡ ಮೇಲೆ ಸೋಸೋದಾ?"

"ಅದು ಕಾಫಿ ಕಣೇ, ಇದು ಬೆಳಕು" ಎಂದೆ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ನನಗೇ ಅದೊಂದು ಉತ್ತರ ಎಂದು ಅನ್ನಿಸಿತು.

ಗ್ರಹಣದ ಬೆಳಗ್ಗೆ ಒಂಬತ್ತರ ಹೊತ್ತಿಗೆ ನಾವೆಲ್ಲ ಅಮಲ್ದಾರರ ತಾರಸಿಯ ಮೇಲೆ ಸೇರಿದೆವು. ಕಾಫಿ ಇಲ್ಲ, ತಿಂಡಿ ಇಲ್ಲ. ಉಪ್ಪಿನಕಾಯಿ ಜಾಡಿಗಳ ಮೇಲೆಲ್ಲ ದರ್ಭೆ ಬಿದ್ದಿತ್ತು. ಸರೋಜ ಒಂದು ಮೂಲೆಯಲ್ಲಿ ಅಗಲವಾದ ಹಿತ್ತಾಳೆ ತಟ್ಟೆಗೆ ಅರಿಸಿನದ ನೀರು ಸುರಿದು, ತನ್ನ ತವರಿನ ಪದ್ಧತಿಯಂತೆ ಅದರಲ್ಲಿ ಗ್ರಹಣ ನೋಡುತ್ತೇನೆಂದು ಕುಳಿತಿದ್ದಳು. ನಾನು ಆ ತಟ್ಟೆಯ ಕಡೆ ನೋಡಿ ಸ್ವಲ್ಪ ನಕ್ಕಿದ್ದೂ ಉಂಟು. ಅಮಲ್ದಾರರು ಮೇಲೆ ಬಂದದ್ದು ಕಪ್ಪು ಉಣ್ಣೆಯ ಕೋಟು, ಸರಿಗೆ ಪೇಟದಲ್ಲಿ. ಫೋಟೋದಲ್ಲಿ ಬರುವವನು ಸೂರ್ಯ, ತಾವಲ್ಲ ಎಂದು ನಾನು ಎಷ್ಟು ಹೇಳಿದರೂ, "ಇರಲಿ ಮೂರ್ತಿಗಳೇ, ಫೋಟೋ ತೆಗೆಯುವ ಕಡೆ ಬರೀ ಪಂಚೆಯಲ್ಲಿ ನಿಂತು ಅಭ್ಯಾಸವಿಲ್ಲ" ಎಂದರು.

ನಿಂಗೇಗೌಡ ದುರ್ಬೀನನ್ನು ಸೂರ್ಯನಿಗೆ ಗುರಿಯಿಟ್ಟ ಬಗೆ ಚೆಂದವಾಗಿತ್ತು. ಅವನು ಅದರೊಳಗೆ ಕಣ್ಣನ್ನೇ ಇಡಲಿಲ್ಲ. ನೆಲದ ಮೇಲೆ ಬಿದ್ದ ಅದರ ನೆರಳನ್ನು ನೋಡುತ್ತಾ ತಿರುಗಿಸಿದ. ಉದ್ದವಾಗಿದ್ದ ನೆರಳು ಗಿಡ್ಡವಾಗುತ್ತಾ ಬಂದು ದುಂಡಗಾದಾಗ "ಸಿಕ್ದ ಸಾ" ಎಂದು ಪಕ್ಕಕ್ಕೆ ಸರಿದ. ಆಗ ನಾನು ಮುಂದೆ ಬಂದು ಕಪ್ಪು ಗಾಜಿನ ಬಳೆಯನ್ನು ಕಣ್ಣಿಡುವ ತುದಿಗೆ ತಿರುಗಿಸಿದೆ. ಎಷ್ಟು ಅಚ್ಚುಕಟ್ಟಾಗಿ ಕುಳಿತುಕೊಂಡಿತು ಎಂದರೆ, ತಪ್ಪು ಜಾಗ ಅಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತದೆ ಎಂದು ಯಾರೂ ನಂಬುವಂತಿರಲಿಲ್ಲ. ನೋಡೋಣವೆಂದು ಬಗ್ಗಿದೆ.

ಇಲ್ಲಿ ಒಂದು ಸಣ್ಣ ಸಂಗತಿ ನಡೆಯಿತು. ಅದನ್ನು ಇದುವರೆಗೆ ಯಾರಿಗೂ ಹೇಳಿಲ್ಲ, ಸರೋಜಳಿಗೂ. ಕಣ್ಣು ಇನ್ನೂ ನಾಲ್ಕು ಬೆರಳು ದೂರದಲ್ಲಿರುವಾಗ ನನ್ನ ಕೆನ್ನೆಗೆ ಬಿಸಿ ತಾಗಿತು. ಇಸ್ತ್ರಿ ಪೆಟ್ಟಿಗೆ ಪಕ್ಕದಲ್ಲಿ ಹಾದುಹೋದರೆ ತಾಗುವಷ್ಟು. ಬಿಸಿಲಿರಬೇಕು ಎಂದುಕೊಂಡೆ. ಹಾಗೆಂದುಕೊಂಡೆನೋ, ಆಮೇಲೆ ಹಾಗೆ ಅಂದುಕೊಂಡೆ ಎಂದು ತೀರ್ಮಾನಿಸಿದೆನೋ, ಅದೇ ಈಗ ಗೊತ್ತಾಗುತ್ತಿಲ್ಲ. ಒಟ್ಟಿನಲ್ಲಿ ನೆಟ್ಟಗೆ ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ಅಮಲ್ದಾರರ ಕಡೆ ಕೈಚಾಚಿ "ತಾವು ಮೊದಲು ನೋಡಬೇಕು ಸಾರ್" ಎಂದೆ.

"ಛೆ ಛೆ. ಎಲ್ಲಾ ತಾವು ಮಾಡಿ ನಾನು ಮೊದಲು ನೋಡೋದೆ? ತಾವು ನೋಡಿ."

"ಹಿರಿಯರು ತಾವು. ದುರ್ಬೀನೂ ತಮ್ಮದು."

"ದುರ್ಬೀನು ನಂದಾದರೂ ವಿದ್ಯೆ ತಮ್ಮದಲ್ಲವೇ. ಅಥವಾ ನಿಂಗೇಗೌಡರು ನೋಡಲಿ. ಚಿತ್ರ ತೆಗೆಯೋರು ಅವರು."

"ನಂಗ್ಯಾಕೆ ಯಜಮಾನ್ರೇ," ಎಂದ ಗೌಡ. "ನಾ ಎಂಗೂ ಕ್ಯಾಮೆರಾದಾಗೆ ನೋಡ್ತೀನಿ. ನೀವು ನೋಡಿ. ಬೇಗ ನೋಡಿ, ಅವನೇನು ನಿಮ್ಮಂಗೆ ನಿಂತ್ಕೊಂಡು ಕಾಯಾಕಿಲ್ಲ."

ಸೂರ್ಯ ಆಗಲೇ ಅರ್ಧಕ್ಕಿಂತ ಹೆಚ್ಚು ಕಚ್ಚಿದ ಬಿಸ್ಕತ್ತಿನಂತಾಗಿದ್ದ. ನಾನು ಇನ್ನೊಮ್ಮೆ ಕೈಚಾಚಿದೆ. ಅಮಲ್ದಾರರು ಇನ್ನೊಮ್ಮೆ ಕೈಮುಗಿದರು. ಹೀಗೆ ಮೂರು ನಿಮಿಷವೋ ನಾಲ್ಕು ನಿಮಿಷವೋ ಹೋಯಿತು. ಅಷ್ಟೂ ಹೊತ್ತು ಲೋಟದಗಲದ ಬಾಯಿಯಿಂದ ಒಳಹೊಕ್ಕ ಬಿಸಿಲೆಲ್ಲ ಕಾಲಾಣೆಯಗಲದ ಆ ಗಾಜಿನ ಮೇಲೆ ಕುಳಿತು ಕಾಯುತ್ತಿತ್ತು. ಕೊನೆಗೆ ಅಮಲ್ದಾರರೇ ಸೋತರು. ಕನ್ನಡಕ ತೆಗೆದು ಕೋಟಿನ ಜೇಬಿಗೆ ಹಾಕಿದರು. ಪೇಟವನ್ನು ಕೊಂಚ ಹಿಂದಕ್ಕೆ ತಳ್ಳಿದರು. ಬಗ್ಗಿದರು. ಅವರ ಬಲಗಣ್ಣು, ಆ ಒಂದೇ ಕಣ್ಣು, ಗಾಜಿನಿಂದ ಒಂದು ಗೇಣು ದೂರವಿತ್ತು. ಆಮೇಲೆ ಅರ್ಧ ಗೇಣು. ಆಗ ಅವರಿಗೆ ಮೂಲೆಯಲ್ಲಿ ತಟ್ಟೆಯ ಮುಂದೆ ಕುಳಿತಿದ್ದ ಸರೋಜಳ ನೆನಪಾಯಿತು. "ತಪ್ಪಾಯಿತು," ಎಂದು ತಲೆಯನ್ನು ಅವಳ ಕಡೆ ಹೊರಳಿಸಿದರು. "ಹೆಣ್ಣುಮಕ್ಕಳು ಇರುವಾಗ ನಾವು ಮೊದಲು ನೋಡೋದೆ? ಬಾಮ್ಮಾ ಸರೋಜಾ..."

ಟಪ್ ಎಂದಿತು.

ಅಡಿಕೆ ಕತ್ತರಿಸಿದಷ್ಟೇ ಸದ್ದು. ಗಾಜು ಎರಡು ಹೋಳಾಗಿ ಒಂದು ಹೋಳು ಉದುರಿತು. ಅಲ್ಲಿಂದ ಬೆಳಕಿನ ಒಂದು ಕಡ್ಡಿ ಹೊರಬಂದು, ಕ್ಷಣದ ಹಿಂದೆ ಅವರ ಕಣ್ಣಿದ್ದ ಜಾಗವನ್ನು ದಾಟಿ, ತಲೆ ಹೊರಳಿಸಿದ್ದರಿಂದ ಅಡ್ಡಬಂದಿದ್ದ ಕೋಟಿನ ಭುಜದ ಮೇಲೆ ನಿಂತಿತು. ಉಣ್ಣೆ ಸುಟ್ಟ ವಾಸನೆ ಬಂತು. ಒಂದು ಎಳೆ ಹೊಗೆ ಎದ್ದಿತು. ನಾನು ಏನು ಮಾಡಿದೆ ಎಂದು ಕೇಳಿದರೆ, ಕೈಚಾಚಿದವನು ಹಾಗೆಯೇ ಕೈಚಾಚಿಕೊಂಡು ನಿಂತಿದ್ದೆ. ನಿಂಗೇಗೌಡ ಓಡಿಬಂದು ತನ್ನ ಕಪ್ಪು ಬಟ್ಟೆಯನ್ನು ಮಡಿಸಿ ದುರ್ಬೀನಿನ ಮುಂದಿನ ಬಾಯಿಗೆ ಮುಚ್ಚಿದ. ಅದೇ ದೊಡ್ಡ ಬಾಯಿಗೆ, ಮೊದಲ ದಿನ ಅವನು ತೋರಿಸಿದ್ದ ಜಾಗಕ್ಕೆ. ಬೆಳಕಿನ ಕಡ್ಡಿ ಇಲ್ಲವಾಯಿತು.

ಅಮಲ್ದಾರರು ಭುಜದ ತೂತಿನೊಳಗೆ ಕಿರುಬೆರಳು ಹಾಕಿ ನೋಡಿಕೊಂಡರು. ಆಮೇಲೆ ಬಲಗಣ್ಣನ್ನು ಒಮ್ಮೆ ಮುಚ್ಚಿದರು, ತೆರೆದರು. ಎದುರಿನ ಮನೆಯ ಹಂಚುಗಳನ್ನು ಎಣಿಸುವವರಂತೆ ನೋಡಿದರು. ಅವರು ಆಡಿದ ಮೊದಲ ಮಾತು, "ಮೂರ್ತಿಗಳೇ, ತಮಗೇನೂ ತಗುಲಲಿಲ್ಲ ತಾನೇ?"

ನಾನು ಹೋಗಿ ಸರೋಜಳ ತಟ್ಟೆಯ ಪಕ್ಕದಲ್ಲಿ ಕುಳಿತೆ. ಅರಿಸಿನದ ನೀರಿನಲ್ಲಿ ಕುಡುಗೋಲಿನ ಆಕಾರದ ಸೂರ್ಯ ತಣ್ಣಗೆ ತೇಲುತ್ತಿದ್ದ. ನಿಂಗೇಗೌಡ ಒಂದು ಗಳಿಗೆ ಆ ತಟ್ಟೆಯನ್ನು ನೋಡಿದ. ಕೊಳವೆಯನ್ನು ಕಿತ್ತು ಪಕ್ಕಕ್ಕಿಟ್ಟು, ಕ್ಯಾಮೆರಾವನ್ನು ತಟ್ಟೆಯ ಕಡೆ ಬಗ್ಗಿಸಿ, ಮಸೂರಕ್ಕೆ ತನ್ನ ಹಳದಿ ಫಿಲ್ಟರು ಹಾಕಿ, "ಅವ್ವಾ, ನೀರು ಅಲ್ಲಾಡಿಸ್ಬೇಡಿ" ಎಂದು ಹೇಳಿ ಫೋಟೋ ತೆಗೆದೇಬಿಟ್ಟ. ಆ ಫೋಟೋ ಈಗ ಅಮಲ್ದಾರರ ನಡುಮನೆಯಲ್ಲಿದೆ. ನೋಡಿದವರೆಲ್ಲ ದುರ್ಬೀನಿನಲ್ಲಿ ತೆಗೆದದ್ದೇ ಎಂದು ಕೇಳುತ್ತಾರೆ. ಸೂರ್ಯನ ಸುತ್ತ ತಟ್ಟೆಯ ಅಂಚೂ, ಅದರ ಮೇಲೆ ಕೊರೆದಿರುವ ನನ್ನ ಮಾವನವರ ಹೆಸರೂ ಸ್ವಲ್ಪ ಕಾಣುತ್ತದೆ.

ಅಂದಿನಿಂದ ಅಮಲ್ದಾರರು ಬಂದವರಿಗೆಲ್ಲ ಕೋಟಿನ ತೂತು ತೋರಿಸಿ ಈ ಕಥೆ ಹೇಳುತ್ತಾರೆ. "ನನ್ನ ಕಣ್ಣು ಉಳಿಸಿದ್ದು ಮರ್ಯಾದೆ ಕಣ್ರೀ. ಮೂರ್ತಿಗಳು ನುಗ್ಗೋ ಜನ ಆಗಿದ್ದರೆ ಅವರ ಕಣ್ಣು ಹೋಗಿರೋದು. ನಾನು ನುಗ್ಗಿದ್ದರೆ ನಂದು." ಬಂದವರು ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತಾರೆ. ನಾನು ತಲೆ ತಗ್ಗಿಸುತ್ತೇನೆ. ಅದನ್ನು ಅವರು ವಿನಯ ಎಂದು ತಿಳಿಯುತ್ತಾರೆ.

ಆದರೆ ನಿಂಗೇಗೌಡ ಅಂದು ಸಾಮಾನು ಕಟ್ಟಿಕೊಂಡು ಹೊರಡುವಾಗ ಮೆಟ್ಟಿಲ ಮೇಲೆ ನಿಂತು ಕೇಳಿದ: "ಸಾ, ನೀವು ಫಸ್ಟು ಬಗ್ಗಿ ಎದ್ಬುಟ್ರಲ್ಲಾ, ಕೆನ್ನೆ ಒರಸ್ಕೊಂಡ್ರಿ. ಏನಾರ ತಗುಲ್ತಾ?"

"ಏನಿಲ್ಲಪ್ಪ, ಬೆವರು" ಎಂದೆ.

"ಊ. ಬೆವರು" ಎಂದು ಅವನು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಇಳಿದುಹೋದ. ಆ 'ಊ' ಇಂದಿಗೂ ನನ್ನ ಕಿವಿಯಲ್ಲಿದೆ. ನಾನು ಅಂದು ಹಿಂದೆ ಸರಿದದ್ದು ಮರ್ಯಾದೆಯಿಂದಲೋ, ಭಯದಿಂದಲೋ? ಭಯದಿಂದಾದರೆ, ನನ್ನ ಎರಡು ಕಣ್ಣಿಗೆ ಭಯವಾದ ಜಾಗಕ್ಕೆ ಅವರ ಒಂದು ಕಣ್ಣನ್ನು ಕರೆದೆನೇ? ಮರ್ಯಾದೆಯಿಂದಾದರೆ ಆ ಬಿಸಿ ನನಗೆ ಇಷ್ಟು ಚೆನ್ನಾಗಿ ನೆನಪಿರುವುದೇಕೆ? ಸ್ನಾನದ ನೀರು ಕಾಯಿಸುವ ಹಂಡೆಯ ಮುಂದೆ ಬಗ್ಗಿದಾಗಲೆಲ್ಲ ಈ ವಿಚಾರಣೆ ಶುರುವಾಗುತ್ತದೆ. ವಾದಿಯೂ ನಾನೇ, ಪ್ರತಿವಾದಿಯೂ ನಾನೇ. ತೀರ್ಪು ಮಾತ್ರ ಬರುವುದಿಲ್ಲ. ನೀರು ಕುದಿದು ಸರೋಜ ಕೂಗುತ್ತಾಳೆ.

ಮೊನ್ನೆ ಸಂಜೆ, ದೀಪ ಹಚ್ಚುವ ಹೊತ್ತು, ಅಮಲ್ದಾರರು ಮತ್ತೆ ಹೇಳಿಕಳಿಸಿದರು. ತಾರಸಿಯ ಮೇಲೆ ದುರ್ಬೀನು ನಿಂತಿತ್ತು; ಬಾಯಿ ತೆಂಗಿನ ಮರದ ಪಕ್ಕದ ಎಳೆ ಚಂದ್ರನ ಕಡೆಗಿತ್ತು.

"ಫಿಲ್ಟರು ಸಾರ್?" ಎಂದೆ.

"ಚಂದ್ರನಿಗೆ ಬೇಡವಂತೆ. ನಿಂಗೇಗೌಡರನ್ನ ಕೇಳಿದೆ," ಎಂದರು ಅಮಲ್ದಾರರು. ನನ್ನನ್ನು ಕೇಳಿರಲಿಲ್ಲ. ಆಮೇಲೆ ಪಕ್ಕಕ್ಕೆ ಸರಿದು, ಕೈಚಾಚಿ, ಅತ್ಯಂತ ಮೃದುವಾಗಿ ಹೇಳಿದರು. "ತಾವು ಮೊದಲು ನೋಡಬೇಕು."

ನಾನು "ಛೆ ಛೆ" ಎಂದೆ. ಅವರು ಈ ಸಲ ಮತ್ತೊಮ್ಮೆ ಹೇಳಲಿಲ್ಲ. ಕೈಯನ್ನು ಹಾಗೆಯೇ ಚಾಚಿಕೊಂಡು ನಿಂತರು. ಅವರ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು. ಬೇರೆ ದಾರಿ ಇರಲಿಲ್ಲ. ಹೋದೆ, ಬಗ್ಗಿದೆ, ಕಣ್ಣನ್ನು ಹಿತ್ತಾಳೆಯ ತುದಿಗೆ ತಂದೆ, ಮತ್ತು ಎರಡೂ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡೆ. ಮನಸ್ಸಿನಲ್ಲಿ ಇಪ್ಪತ್ತರವರೆಗೆ ಎಣಿಸಿ ಎದ್ದು, "ಅದ್ಭುತವಾಗಿದೆ ಸಾರ್. ಗುಳಿಗಳೆಲ್ಲ ಎಷ್ಟು ಸ್ಪಷ್ಟ" ಎಂದೆ.

"ಹೌದೇ?" ಎಂದು ಅಮಲ್ದಾರರು ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಆಮೇಲೆ ದುರ್ಬೀನಿನ ಮುಂದಕ್ಕೆ ನಡೆದು, ದೊಡ್ಡ ಬಾಯಿಗೆ ಹಾಕಿದ್ದ ಹಿತ್ತಾಳೆ ಮುಚ್ಚಳವನ್ನು ತೆಗೆದು ನನ್ನ ಕೈಗೆ ಕೊಟ್ಟರು. "ಇದು ತಮ್ಮ ಹತ್ತಿರ ಇರಲಿ ಮೂರ್ತಿಗಳೇ" ಎಂದು ಹೇಳಿ, ಮತ್ತೆ ಬಂದು ಬಗ್ಗಿ, ಚಂದ್ರನನ್ನು ಬಹಳ ಹೊತ್ತು ನೋಡಿದರು.

ಮುಚ್ಚಳ ತೆಗೆಯುವುದನ್ನು ಅವರು ಮರೆತಿದ್ದರೋ, ಮರೆಯದೆಯೇ ಬಿಟ್ಟಿದ್ದರೋ, ನಾನು ಕೇಳಲಿಲ್ಲ. ಹಿತ್ತಾಳೆ ನನ್ನ ಅಂಗೈಯಲ್ಲಿ ತಣ್ಣಗಿತ್ತು. ಕೆನ್ನೆ ಮಾತ್ರ ಆ ದಿನದಷ್ಟೇ ಬಿಸಿಯಾಗಿತ್ತು.